ಗಾಳಿಯೇ ಗೆಲ್ಲುತ್ತಿತ್ತು: ಐದು ಭೂತಗಳ ಆಟ ಕಟ್ಟಿದ 61 ದಿನ

ನಾನು ಕಾರವಾರದ ಬೈತಖೋಲ ಬಂದರಿನ ಹತ್ತಿರ ಒಂದು ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತೇನೆ. ಆಪರೇಟರ್ ರಜೆ ಹಾಕಿದ ದಿನ ಕಂಪ್ರೆಸರ್ ಕಾಯುವುದೂ ನಾನೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದೋಣಿ ಇಲ್ಲ ಅಂದರೆ ಐಸ್ ಕೇಳುವವರೂ ಇಲ್ಲ. ನಾಡದೋಣಿಯವರು ಒಂದಿಷ್ಟು ಒಯ್ಯುತ್ತಾರೆ, ಅಷ್ಟೇ. ಒಟ್ಟು 61 ದಿನ ಕೈಗೆ ಕೆಲಸ ಕಡಿಮೆ, ತಲೆಗೆ ಬಿಡುವು ಜಾಸ್ತಿ.

ಹೋದ ವರ್ಷ ಇದೇ ಬಿಡುವಿನಲ್ಲಿ ಅಕ್ಕನ ಮಕ್ಕಳಿಗಾಗಿ ಒಂದು ಕಥೆ ಶುರು ಮಾಡಿದ್ದೆ. ಒಳಕಡಲು ಅಂತ ಒಂದು ನಾಡು. ಅಲ್ಲಿ ಐದು ಕೇರಿ. ಒಂದೊಂದು ಕೇರಿಗೆ ಒಂದೊಂದು ಭೂತದ ಶಕ್ತಿ: ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶ. ಮೂರನೇ ನೋಟ್‌ಬುಕ್ಕಿನಲ್ಲಿ ಮಾಣಿ (13 ವರ್ಷ, ಮನೆಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ) ಒಂದು ಪ್ರಶ್ನೆ ಕೇಳಿದ. "ಮಾವ, ಗಾಳಿ ಕೇರಿಯವರು ಹಾರ್ತಾರೆ ಅಂದ್ಮೇಲೆ ಅವರು ಯುದ್ಧ ಸೋಲೋದು ಹೆಂಗೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕಥೆ ಅಲ್ಲೇ ನಿಂತಿತು.

ಈ ವರ್ಷ ಕಥೆ ಬರೆಯುವ ಮೊದಲು ಶಕ್ತಿಗಳನ್ನು ಮೇಜಿನ ಮೇಲೆ ಆಟವಾಗಿ ಆಡಿ ತೂಗಿ ನೋಡೋಣ ಅಂದುಕೊಂಡೆ. ಏನೇನು ಮಾಡಿದೆ, ಎಲ್ಲೆಲ್ಲಿ ಕೆಟ್ಟಿತು ಅಂತ ಸಾಲಾಗಿ ಬರೆದಿಟ್ಟಿದ್ದೇನೆ.

ಜೂನ್ 2: ಸಾಮಾನು

200 ಪುಟದ ನೋಟ್‌ಬುಕ್ ಎರಡು. ದೊಡ್ಡ ಡ್ರಾಯಿಂಗ್ ಶೀಟ್ ಮೂರು. ಸ್ಕೆಚ್ ಪೆನ್. ಕಾಯಿಗಳಿಗೆ ಮನೆಯಲ್ಲಿದ್ದ ಕವಡೆ, ಹುಣಸೆ ಬೀಜ, ಚಿರೆಕಲ್ಲಿನ ಚೂರು. ಬೆಂಕಿಗೆ ಗುಲಗಂಜಿ ಇಡೋಣ, ಕೆಂಪಗೆ ಚಂದ ಕಾಣುತ್ತದೆ ಅಂತ ಒಂದು ಮುಷ್ಟಿ ತಂದೆ. ಅಕ್ಕ ನೋಡಿ ಸರಿಯಾಗಿ ಬೈದಳು. ಗುಲಗಂಜಿ ವಿಷ, ಮಕ್ಕಳಿರುವ ಮನೆಯಲ್ಲಿ ಅದನ್ನು ಇಡುತ್ತಾರಾ? ಅಂಗಿಯ ಕೆಂಪು ಗುಂಡಿ 25 ಕೊಂಡು ತಂದೆ.

ಶೀಟಿನ ಮೇಲೆ 7 ಅಡ್ಡ, 7 ಉದ್ದ, ಒಟ್ಟು 49 ಮನೆ ಹಾಕಿದೆ. ಮನೆಗೆ 5 ಸೆಂ.ಮೀ. ಇಟ್ಟಿದ್ದು ತಪ್ಪಾಯಿತು. ಮೂರು ಕವಡೆ ಇಟ್ಟರೆ ಪಕ್ಕದ ಮನೆಗೆ ಉರುಳುತ್ತಿತ್ತು. ಎರಡನೇ ಶೀಟಿನಲ್ಲಿ 7 ಸೆಂ.ಮೀ. ಮಾಡಿದೆ. ಮನೆಗಳಲ್ಲಿ ಕೆಲವು ಕಾಡು, ಕೆಲವು ನೀರು, ಕೆಲವು ಬಯಲು. ಮೊದಲು ಐದು ಮನೆ ಹಿಡಿದವರು ಗೆದ್ದಂತೆ.

ಜೂನ್ 4–7: ನಾಲ್ಕರ ಚಕ್ರ

ಆಕಾಶಕ್ಕೆ ಏನು ಶಕ್ತಿ ಕೊಡುವುದು ಅಂತ ಹೊಳೆಯಲಿಲ್ಲ. ಅದನ್ನು ಬದಿಗಿಟ್ಟು ನಾಲ್ಕರಲ್ಲೇ ಚಕ್ರ ಮಾಡಲು ಹೋದೆ. ಇದು ಅದನ್ನು ಸೋಲಿಸುತ್ತದೆ, ಅದು ಮತ್ತೊಂದನ್ನು. ಮೂರು ಸಂಜೆ ಬಾಣ ಎಳೆದು ಅಳಿಸಿದೆ. ಯಾರಾದರೂ ಒಬ್ಬರು ಮೇಲೆ ಬಂದೇ ಬರುತ್ತಿದ್ದರು.

ಕೊನೆಗೆ ಮಾಣಿಯೇ ಬೆರಳು ಮಡಚಿ ಎಣಿಸಿದ. ನಾಲ್ಕು ಜನರಲ್ಲಿ ಇಬ್ಬಿಬ್ಬರ ಜೋಡಿ ಆರು. ಆರು ಜಗಳದ ಆರು ಗೆಲುವನ್ನು ನಾಲ್ವರಿಗೆ ಸಮ ಹಂಚಿದರೆ ತಲೆಗೆ ಒಂದೂವರೆ. ಒಂದೂವರೆ ಜನರನ್ನು ಯಾರು ಸೋಲಿಸುತ್ತಾರೆ? ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆ ಇದ್ದರೆ ಮಾತ್ರ ಸಮ ಹಂಚಿಕೆ ಆಗುತ್ತದೆ. ಎದುರುಬದುರಿನ ಎರಡು ಜೋಡಿಗೆ ಜಗಳವೇ ಬೇಡ ಅಂತ ಬಿಟ್ಟೂ ನೋಡಿದೆ. ಜಗಳ ಇಲ್ಲದವರು ಒಟ್ಟಾಗಿ ಉಳಿದ ಇಬ್ಬರನ್ನು ತಿಂದುಹಾಕಿದರು. ಎರಡು ನಿಮಿಷದ ಲೆಕ್ಕವನ್ನು ಮೊದಲೇ ಮಾಡಿದ್ದರೆ ಮೂರು ಸಂಜೆ ಉಳಿಯುತ್ತಿತ್ತು.

ಜೂನ್ 8–16: ಐದರ ಪಟ್ಟಿ

ಆಕಾಶವನ್ನು ಒಳಗೆ ಕರೆದೆ. ಈಗ ಜೋಡಿ ಹತ್ತು. ಪ್ರತಿಯೊಬ್ಬರೂ ಇಬ್ಬರನ್ನು ಗೆಲ್ಲಬೇಕು, ಇಬ್ಬರಿಗೆ ಸೋಲಬೇಕು. ಚೀನಾದವರ ಐದು ಧಾತುಗಳಲ್ಲಿ ಇಂಥ ಒಂದು ಸುತ್ತು ಇದೆ: ಮರ ಮಣ್ಣನ್ನು ಸೀಳುತ್ತದೆ, ಮಣ್ಣು ನೀರನ್ನು ತಡೆಯುತ್ತದೆ, ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಲೋಹವನ್ನು ಕರಗಿಸುತ್ತದೆ, ಲೋಹ ಮರವನ್ನು ಕಡಿಯುತ್ತದೆ. ಆದರೆ ಅದರಲ್ಲಿ ಗಾಳಿಯೂ ಇಲ್ಲ, ಆಕಾಶವೂ ಇಲ್ಲ. ನಮ್ಮದನ್ನು ನಾನೇ ಕೂತು ಬರೆದೆ.

ನೀರು: ಬೆಂಕಿ, ಮಣ್ಣನ್ನು ಗೆಲ್ಲುತ್ತದೆ.
ಮಣ್ಣು: ಬೆಂಕಿ, ಗಾಳಿಯನ್ನು.
ಬೆಂಕಿ: ಗಾಳಿ, ಆಕಾಶವನ್ನು.
ಗಾಳಿ: ನೀರು, ಆಕಾಶವನ್ನು.
ಆಕಾಶ: ಮಣ್ಣು, ನೀರನ್ನು. (ಹೇಗೆ ಅಂತ ಕೇಳಬೇಡಿ. ಲೆಕ್ಕ ಕೂಡಿಸಲು ಹಾಕಿದ್ದು.)

ಪಟ್ಟಿ ನೋಡಿ ಬಹಳ ಖುಷಿಯಾಯಿತು. ಎಲ್ಲರಿಗೂ ಎರಡು ಗೆಲುವು, ಎರಡು ಸೋಲು. ಒಂದು ಶೀಟು ನೀಟಾಗಿ ಬರೆದು ಲ್ಯಾಮಿನೇಷನ್ ಕೂಡ ಮಾಡಿಸಿಬಿಟ್ಟೆ, 120 ರೂ. ಆಡಿ ನೋಡುವ ಮೊದಲೇ! ಈ ಇಡೀ ಕೆಲಸದಲ್ಲಿ ಮಾಡಿದ ಅತಿ ದಡ್ಡ ಖರ್ಚು ಇದು.

ಅಕ್ಕ, ಭಾವ, ಮಾಣಿ, ಕೂಸು (ಅಕ್ಕನ ಮಗಳು), ನಾನು ಐದು ಜನ ಕೂತು 20 ಆಟ ಆಡಿದೆವು. ಒಂದು ಆಟಕ್ಕೆ ಸುಮಾರು 25 ನಿಮಿಷ. ಪ್ರತಿ ಆಟಕ್ಕೆ ಭೂತ ಬದಲಾಯಿಸಿಕೊಂಡೆವು. ಗಾಳಿ 11, ನೀರು 4, ಮಣ್ಣು 3, ಬೆಂಕಿ 2, ಆಕಾಶ ಸೊನ್ನೆ.

ಪಟ್ಟಿಯಲ್ಲಿ ಸಮ ಇದ್ದದ್ದು ಮೇಜಿನ ಮೇಲೆ ಸಮ ಇರಲಿಲ್ಲ. ಬೆಂಕಿಗೆ ಕಾಡು ಬೇಕು, ನೀರಿಗೆ ಹೊಳೆ ಬೇಕು. ಗಾಳಿಗೆ ಏನೂ ಬೇಡ, ಎಲ್ಲೆಂದರಲ್ಲಿ ಇದೆ. ತನ್ನನ್ನು ಸೋಲಿಸುವ ಮಣ್ಣು ಪಕ್ಕದಲ್ಲಿ ಬಂದರೆ ಗಾಳಿಯವನು ಅಲ್ಲಿ ನಿಲ್ಲುವುದೇ ಇಲ್ಲ, ಮೂರು ಮನೆ ಆಚೆಗೆ ಹಾರಿರುತ್ತಾನೆ. ಎದುರಾದರೆ ತಾನೇ ಸೋಲು?

ಜೂನ್ 17–22: ಸಾರಿಗೆ ನೀರು

ಗಾಳಿಯ ಬಲ ಇಳಿಸಿದೆ. ಹಾರುವ ಮನೆ 3 ಇದ್ದದ್ದು 2. ಆಗಲೂ ಗೆದ್ದಿತು. 1 ಮಾಡಿದೆ. ಆಗ ಸತ್ತೇ ಹೋಯಿತು, ಗಾಳಿ ಚೀಟಿ ಬಂದವರು ಮುಖ ಸಿಂಡರಿಸತೊಡಗಿದರು. ಮತ್ತೆ 2 ಮಾಡಿ, ಮಣ್ಣಿಗೆ ಒಂದು ಗೋಡೆ ಜಾಸ್ತಿ ಕೊಟ್ಟೆ. ಮಣ್ಣು ಮೆರೆಯಿತು. ಅದಕ್ಕಾಗಿ ನೀರಿಗೆ ಬಲ ಏರಿಸಿದೆ. ಉಪ್ಪು ಜಾಸ್ತಿಯಾದ ಸಾರಿಗೆ ನೀರು ಹಾಕಿ, ನೀರಾಯಿತು ಅಂತ ಬೇಳೆ ಹಾಕಿ, ಸಪ್ಪೆಯಾಯಿತು ಅಂತ ಖಾರ ಹಾಕಿದ ಹಾಗೆ. ಕೊನೆಗೆ ಪಾತ್ರೆ ತುಂಬಿತು, ಸಾರು ಸರಿಯಾಗಲಿಲ್ಲ. ಒಂದೊಂದು ಭೂತದ ಶಕ್ತಿ ಬರೆದ ಕಾರ್ಡುಗಳ ಝೆರಾಕ್ಸ್ ಖರ್ಚು 70 ರೂ. ನೀರಿಗೆ ಹೋಯಿತು.

ಜೂನ್ 23: ಒಂದೇ ಸಂಜೆಯ ತಪ್ಪು

ಭಾವ ಒಂದು ಸಲಹೆ ಕೊಟ್ಟರು. ಪಂಚಭೂತಗಳ ಗುಣಗಳ ಲೆಕ್ಕ ಇದೆಯಲ್ಲ, ಅದನ್ನೇ ಹಾಕು ಅಂತ. ಆಕಾಶಕ್ಕೆ ಶಬ್ದ ಒಂದೇ ಗುಣ. ಗಾಳಿಗೆ ಶಬ್ದ, ಸ್ಪರ್ಶ ಎರಡು. ಬೆಂಕಿಗೆ ರೂಪ ಸೇರಿ ಮೂರು, ನೀರಿಗೆ ರಸ ಸೇರಿ ನಾಲ್ಕು, ಮಣ್ಣಿಗೆ ಗಂಧ ಸೇರಿ ಐದು. ಅದನ್ನೇ ಬಲ ಅಂತ ಇಟ್ಟೆವು. ಮಣ್ಣು 5, ಆಕಾಶ 1. ಮೂರು ಆಟ, ಮೂರೂ ಮಣ್ಣಿಗೆ. ಅಲ್ಲಿಗೆ ಬಿಟ್ಟೆವು. ಆದರೆ ಈ ಸಂಜೆಯಿಂದ ಒಂದು ಸಿಕ್ಕಿತು: ಆಕಾಶದ ಶಕ್ತಿ ಶಬ್ದ. ಆಕಾಶ ಕೇರಿಯವರು ಶಂಖದವರು. ಅವರು ಊದಿದಾಗ ಪಕ್ಕದ ಮನೆಯವರು ಒಂದು ಸರದಿ ಕಿವಿ ಮುಚ್ಚಿ ಕೂರಬೇಕು.

ಜೂನ್ 28, ರಾತ್ರಿ ಪಾಳಿ

ಆಪರೇಟರ್ ಊರಿಗೆ ಹೋಗಿದ್ದ. ಒಂದೇ ಕಂಪ್ರೆಸರ್ ಓಡುತ್ತಿತ್ತು. ಹೊರಗೆ ಮಳೆ. ಚಹಾ ಹಿಡಿದುಕೊಂಡು ಕಂಡೆನ್ಸರ್ ಪಕ್ಕ ನಿಂತಿದ್ದೆ, ಯಾಕೆಂದರೆ ಇಡೀ ಫ್ಯಾಕ್ಟರಿಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ.

ಹತ್ತು ವರ್ಷದಿಂದ ಅಲ್ಲೇ ಚಹಾ ಕುಡಿಯುತ್ತಿದ್ದೇನೆ. ಐಸ್ ಫ್ಯಾಕ್ಟರಿಯಲ್ಲಿ ಚಳಿ ತಯಾರಾಗುವುದಿಲ್ಲ. ಡಬ್ಬಿಯ ನೀರಿನಲ್ಲಿರುವ ಬಿಸಿಯನ್ನು ಸುತ್ತಲಿನ ಉಪ್ಪುನೀರು ಎಳೆದುಕೊಳ್ಳುತ್ತದೆ, ಅದರಿಂದ ಅಮೋನಿಯಾ ಎಳೆದುಕೊಳ್ಳುತ್ತದೆ, ಅದು ಬಂದು ಕಂಡೆನ್ಸರ್‌ನಲ್ಲಿ ಬಿಡುತ್ತದೆ. ಒಳಗೆ ಐಸ್ ಆದಷ್ಟೂ ಹೊರಗೆ ಬಿಸಿ. ನೋಟ್‌ಬುಕ್ ಹಿಂದೆ ಲೆಕ್ಕ ಹಾಕಿದೆ. 1 ಕೆ.ಜಿ. ನೀರು 30 ಡಿಗ್ರಿಯಿಂದ ಸೊನ್ನೆಗೆ ಬರಲು 30 ಕಿಲೋ ಕ್ಯಾಲರಿ ಹೊರಹಾಕಬೇಕು, ಹೆಪ್ಪುಗಟ್ಟಲು ಇನ್ನೂ 80. ಒಟ್ಟು 110. ಹಾಗಾದರೆ 50 ಕೆ.ಜಿ. ಐಸಿಗೆ 5,500. ಅಷ್ಟು ಬಿಸಿಯಲ್ಲಿ 30 ಡಿಗ್ರಿಯ 78 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಹುದು. ಮನೆ ಮಂದಿಗೆಲ್ಲ ಸ್ನಾನಕ್ಕೆ ಸಾಕಾಗಿ ಮಿಗುತ್ತದೆ.

ನನ್ನ ಕಥೆಯಲ್ಲಿ ನೀರಿನ ಕೇರಿಯವನು ಕೈ ಬೀಸಿ ಹೊಳೆ ಹೆಪ್ಪುಗಟ್ಟಿಸುತ್ತಾನೆ. ಆ ಬಿಸಿ ಎಲ್ಲಿ ಹೋಯಿತು?

ಯಾರು ಯಾರನ್ನು ಸೋಲಿಸುತ್ತಾರೆ ಅನ್ನುವ ಪಟ್ಟಿಯನ್ನು ಆ ರಾತ್ರಿಯೇ ಹೊಡೆದು ಹಾಕಿದೆ. ಹೊಸ ನಿಯಮ: ಯಾವ ಶಕ್ತಿ ಬಳಸಿದರೂ ಪಕ್ಕದ ಮನೆಯಲ್ಲಿ ಏನೋ ಒಂದು ಉಳಿಯಬೇಕು. ಉಳಿದದ್ದು ಇನ್ನೊಂದು ಕೇರಿಯವರಿಗೆ ಬಂಡವಾಳ. ಅವರು ಅದನ್ನು ಎತ್ತಿಕೊಂಡರೆ ಅವರಿಗೆ ಒಂದು ನಡೆ ಪುಕ್ಕಟೆ. ಯಾರೂ ಎತ್ತದೆ ನಿನ್ನ ಸರದಿ ಮತ್ತೆ ಬಂದರೆ ನಿನಗೇ ತೊಂದರೆ: ಬಿಸಿ ಉಳಿದರೆ ನಿನ್ನ ಐಸೇ ಕರಗುತ್ತದೆ.

ಮಾಣಿಗೆ ಹೇಳಿದೆ. ಕೂಸು ಪಕ್ಕದಿಂದ, "ಅಂದ್ರೆ ಎಂಜಲು" ಅಂದಳು. ಅದೇ ಹೆಸರು ಉಳಿಯಿತು.

ಜುಲೈ 1–5: ಎರಡು ಬಳೆ

ಎಂಜಲು ಹಂಚಿದೆ. ನೀರು ಹೆಪ್ಪುಗಟ್ಟಿದರೆ ಬಿಸಿ, ಅದು ಬೆಂಕಿಗೆ. ಕಾಡು ಸುಟ್ಟರೆ ಬೂದಿ, ಅದು ಮಣ್ಣಿಗೆ. ಗೋಡೆ ಎಬ್ಬಿಸಿದರೆ ಹೊಂಡ, ಹೊಂಡದಲ್ಲಿ ಮಳೆನೀರು, ಅದು ನೀರಿಗೆ. ಗಾಳಿ ಬೀಸಿ ಹೋದಮೇಲೆ ಸ್ತಬ್ಧ, ಅದು ಆಕಾಶಕ್ಕೆ. ಶಂಖ ಊದಿದರೆ ಅಲುಗಾಟ, ಅದು ಗಾಳಿಗೆ.

ಆರು ಆಟ ಆಡಿದಮೇಲೆ ಏನೋ ವಿಚಿತ್ರ ಅನ್ನಿಸಿತು. ಗಾಳಿ, ಆಕಾಶ ಇಬ್ಬರೇ ಒಂದು ಕಡೆ ಕೊಟ್ಟು ತೆಗೆದುಕೊಂಡು ಮಾಡುತ್ತಿದ್ದರು. ಉಳಿದ ಮೂವರು ಮತ್ತೊಂದು ಕಡೆ. ಬಾಣ ಬರೆದು ನೋಡಿದರೆ ನಾನು ಕಟ್ಟಿದ್ದು ಒಂದು ಬಳೆ ಅಲ್ಲ, ಎರಡು. ಇಬ್ಬರ ಬಳೆಯಲ್ಲಿ ಎಂಜಲು ಬೇಗ ತಿರುಗಿ ಬರುತ್ತದೆ, ಹಾಗಾಗಿ ಅವರದೇ ಮೇಲುಗೈ.

ಬಿಡಿಸಿದ್ದು ಹೊಂಡ. ನಮ್ಮ ಕರಾವಳಿಯಲ್ಲಿ ಚಿರೆಕಲ್ಲಿನ ಮನೆ ಎದ್ದಷ್ಟೂ ಕಲ್ಲು ತೆಗೆದ ಗುಂಡಿಗಳು ಹಿಂದೆ ಉಳಿಯುತ್ತವೆ, ಅಲ್ವಾ? ಆ ಗುಂಡಿ ನೀರಿಗೆ ಯಾಕೆ ಹೋಗಬೇಕು? ಗುಂಡಿ ಅಂದರೆ ಖಾಲಿ ಜಾಗ. ಖಾಲಿ ಜಾಗವೇ ಆಕಾಶ. ಹೊಂಡದೊಳಗೆ ಕೂಗಿದರೆ ದನಿ ಎರಡು ಪಟ್ಟು ಕೇಳುತ್ತದೆ. ಹಾಗೆ ಮಣ್ಣಿನ ಎಂಜಲು ಆಕಾಶಕ್ಕೆ ಹೋಯಿತು. ಗಾಳಿಯ ಎಂಜಲು ಮಳೆ ಮಾಡಿದೆ, ಅದು ನೀರಿಗೆ. ಈಗ ಒಂದೇ ಸುತ್ತು: ನೀರಿನಿಂದ ಬೆಂಕಿ, ಬೆಂಕಿಯಿಂದ ಮಣ್ಣು, ಮಣ್ಣಿನಿಂದ ಆಕಾಶ, ಆಕಾಶದಿಂದ ಗಾಳಿ, ಗಾಳಿಯಿಂದ ಮತ್ತೆ ನೀರು.

ಇದರಿಂದ ಆಟಕ್ಕಿಂತ ಕಥೆಗೆ ಲಾಭ ಜಾಸ್ತಿ ಆಯಿತು. ನೀರಿನ ಕೇರಿಯ ಐಸ್ ಮನೆಯ ಗೋಡೆಗೆ ಅಂಟಿಕೊಂಡೇ ಬೆಂಕಿ ಕೇರಿಯ ಕಮ್ಮಾರರ ಸಾಲು. ಮಣ್ಣಿನವರು ಕಲ್ಲು ತೆಗೆದ ಗುಂಡಿಗಳನ್ನು ಶಂಖದವರು ಗೇಣಿಗೆ ಹಿಡಿದು ಅಲ್ಲಿ ಮಕ್ಕಳಿಗೆ ಊದಲು ಕಲಿಸುತ್ತಾರೆ. ಗೇಣಿಯ ತಕರಾರಿನಿಂದಲೇ ಯುದ್ಧ ಶುರು. ಇದನ್ನು ನಾನು ಯೋಚಿಸಿ ಹೊಸೆಯಲಿಲ್ಲ, ಬಾಣಗಳ ಜೊತೆಗೇ ಬಂತು.

ಜುಲೈ 6–12: ಬೆಂಕಿಗೆ ಹಬ್ಬ

ಒಂದು ಮನೆ ಹೆಪ್ಪುಗಟ್ಟಿದರೆ ಬಿಸಿಯ ಲೆಕ್ಕಕ್ಕೆ ಎರಡು ಕೆಂಪು ಅಂಗಿ ಗುಂಡಿ ಅಂತ ಇಟ್ಟಿದ್ದೆ, ಆ 78 ಲೀಟರ್ ತಲೆಯಲ್ಲಿ ಕೂತಿತ್ತು. 12 ಆಟದಲ್ಲಿ ಬೆಂಕಿಗೆ 7. ಒಂದು ಗುಂಡಿಗೆ ಇಳಿಸಿದೆ, ಸರಿಹೋಯಿತು. ಆದರೆ ಗಾಳಿ ಇನ್ನೂ ಆಟ ಕೆಡಿಸುತ್ತಿತ್ತು. ಮಾಣಿ ಮಳೆಯನ್ನು ಯಾರಿಗೂ ಸಿಗದ ಮೂಲೆಯಲ್ಲಿ ಸುರಿಸಿ ಬರುತ್ತಿದ್ದ. "ನಿಯಮದಲ್ಲಿ ಇಲ್ಲಿ ಸುರಿಸ್ಬೇಕು ಅಂತ ಇಲ್ವಲ್ಲ ಮಾವ." ನಿಜ, ಇರಲಿಲ್ಲ.

ಇದೇ ವಾರ ಥಂಡಿಗೆ ಶೀಟು ಸುರುಳಿ ಸುತ್ತಿಕೊಂಡಿತು. ಸ್ಕೆಚ್ ಪೆನ್ನಿನ ನೀಲಿ ಹರಡಿ ಕಾಡೆಲ್ಲ ಹೊಳೆಯಾಯಿತು. ಮಳೆಗಾಲದಲ್ಲಿ ಯಾರಾದರೂ ಇಂಥದ್ದು ಮಾಡುವುದಾದರೆ ಬಾಲ್ ಪೆನ್ ಬಳಸಿ.

ಜುಲೈ 13–15: ಶಿರಸಿ, ಚೂರಿ

ದೊಡ್ಡಪ್ಪನ ಅಡಿಕೆ ತೋಟಕ್ಕೆ ಎರಡನೇ ಔಷಧಿ ಹೊಡೆಯುವುದಿತ್ತು, ಕೊಳೆರೋಗಕ್ಕೆ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಕಡಲ ಕಡೆಯಿಂದ ಬಂದ ಮೋಡ ಘಟ್ಟಕ್ಕೆ ಒರಗಿ ಅಲ್ಲೇ ಸುರಿಯುತ್ತಿತ್ತು. ಗಾಳಿಯವನಿಗೆ ಮಳೆ ಎಲ್ಲಿ ಸುರಿಸಬೇಕು ಅಂತ ಆರಿಸಲು ಬಿಟ್ಟವರು ಯಾರು? ನಾನೇ! ಬಸ್ಸಿನಲ್ಲೇ ಬರೆದೆ: ಗಾಳಿ ಬೀಸಿದ ದಿಕ್ಕಿನಲ್ಲಿ ಮೊದಲು ಸಿಗುವ ಗುಡ್ಡ ಅಥವಾ ಗೋಡೆಯ ಮುಂದಿನ ಮನೆಯಲ್ಲಿ ಮಳೆ ಬೀಳಬೇಕು. ಹಲಗೆಯ ಒಂದು ಬದಿಗೆ ಉದ್ದಕ್ಕೂ ಘಟ್ಟ. ಇನ್ನು ಮಣ್ಣಿನವನು ಗೋಡೆ ಎಬ್ಬಿಸಿ ಮಳೆಯನ್ನು ತನಗೆ ಬೇಕಾದಲ್ಲಿ ನಿಲ್ಲಿಸಬಹುದು.

ಮರುದಿನ ಆ ಔಷಧಿ, ಅಂದರೆ ಬೋರ್ಡೋ ದ್ರಾವಣ, ಕಲಸಲು ನಿಂತೆ. 1 ಕೆ.ಜಿ. ಮೈಲುತುತ್ತ ಒಂದು ಡ್ರಮ್ಮಿನ 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದರ 50 ಲೀಟರಿನಲ್ಲಿ. ಎರಡೂ ಸೇರಿದಮೇಲೆ ದೊಡ್ಡಪ್ಪ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದರು. ಚೂರಿಯ ಮೇಲೆ ಕೆಂಪು ಲೇಪ. ಅಂದರೆ ತುತ್ತ ಜಾಸ್ತಿ, ಹಾಗೇ ಹೊಡೆದರೆ ಸುಡುತ್ತದೆ. ಇನ್ನೊಂದಿಷ್ಟು ಸುಣ್ಣ ಹಾಕಿದರು. ಮತ್ತೆ ಅದ್ದಿದಾಗ ಚೂರಿ ಬೆಳ್ಳಗೆ ಬಂತು. "ಹಾಕಿದ ತುತ್ತ ತೆಗೆಯೋಕೆ ಬರೂದಿಲ್ಲ ತಮ್ಮಾ, ಸುಣ್ಣ ಹಾಕೂದೇ" ಅಂದರು.

ಗಾಳಿಯ ಬಲ ಇಳಿಸಲು ಹೋಗಿ ಜೂನ್ ತಿಂಗಳಿಡೀ ನಾನು ಡ್ರಮ್ಮಿನಿಂದ ತುತ್ತ ತೆಗೆಯಲು ಒದ್ದಾಡಿದ್ದೆ. ಜೊತೆಗೆ, ಒಂದೊಂದು ಬದಲಾವಣೆಗೂ ಐದು ಜನರನ್ನು 25 ನಿಮಿಷ ಕೂರಿಸುವ ಬದಲು ನನಗೊಂದು ಚೂರಿ ಬೇಕಿತ್ತು. ಆ ರಾತ್ರಿ ಜಗಲಿಯಲ್ಲಿ ಒಂಟಿ ಆಟ ಶುರು ಮಾಡಿದೆ. ಹಲಗೆಯ ಮೇಲೆ ಒಂದೇ ಭೂತ, ಎದುರಾಳಿ ಇಲ್ಲ. ಐದು ಮನೆ ಹಿಡಿಯಲು ಎಷ್ಟು ನಡೆ? ಐದು ನಿಮಿಷದ ಕೆಲಸ. 6ಕ್ಕಿಂತ ಕಡಿಮೆ ಬಂದರೆ ಚೂರಿ ಕೆಂಪು, 9 ದಾಟಿದರೆ ಬಲ ಸಾಲದು ಅಂತ ಇಟ್ಟುಕೊಂಡೆ.

ಹಳೇ ನಿಯಮದಲ್ಲಿ ಗಾಳಿ 4, ಬೆಂಕಿ 6, ನೀರು 7, ಮಣ್ಣು 8, ಆಕಾಶ 11. ಘಟ್ಟದ ನಿಯಮ ಹಾಕಿದಮೇಲೆ ಗಾಳಿ 6. ಹಾರುವ ಮನೆ ಶುರುವಿನಲ್ಲಿದ್ದ ಹಾಗೆ ಮತ್ತೆ ಮೂರೇ ಇದೆ, ಈ ಸಲ ಒಂದೂ ಕಡಿಮೆ ಮಾಡಲಿಲ್ಲ.

ಜುಲೈ 16–19: ದಂಡ

ತಲೆ ತಿರುಗಿ ಭರತಿ–ಇಳಿತವನ್ನೂ ಸೇರಿಸಲು ಹೋದೆ. ದಿನಕ್ಕೆ ಎರಡು ಭರತಿ, ಎರಡು ಇಳಿತ, ದಿನಾ ಸುಮಾರು 50 ನಿಮಿಷ ತಡ, ಅಮಾವಾಸ್ಯೆ ಹುಣ್ಣಿಮೆಗೆ ದೊಡ್ಡ ಭರತಿ. ಪಕ್ಕದಲ್ಲಿ ಒಂದು ಪಟ್ಟಿ, ಅದರ ಮೇಲೊಂದು ಕವಡೆ. ಎರಡನೇ ಆಟಕ್ಕೆ ಕೂಸು ಎದ್ದು ಹೋದಳು. ತೆಗೆದೆ. ಕಥೆಯಲ್ಲಿ ಬಳಸುತ್ತೇನೆ.

ಜುಲೈ 20–30: ಮತ್ತೆ 20 ಆಟ

ಜೋರು ಮಳೆಗೆ ಶಾಲೆಗೆ ರಜೆ ಸಿಕ್ಕಿದ್ದು ಅನುಕೂಲವಾಯಿತು. ಗಾಳಿ 5, ಮಣ್ಣು 5, ನೀರು 4, ಬೆಂಕಿ 4, ಆಕಾಶ 2. ಮಾಣಿ ಎರಡು ದಿನ ಗಾಳಿಯನ್ನೇ ಹಿಡಿದು ಹೊಸ ಕಳ್ಳದಾರಿ ಹುಡುಕಿದ. ಜಾಸ್ತಿ ಬೀಸಿದಷ್ಟೂ ನೀರಿನವಳಿಗೆ (ಅಕ್ಕ) ಮಳೆ ಸುರಿದು ಅವಳೇ ಗೆದ್ದಳು. ಅವನು ಕೈ ಕಟ್ಟಿ ಕೂತ ಒಂದು ಸರದಿ ನೋಡಬೇಕಿತ್ತು. ಬೀಸಲೋ ಬೇಡವೋ ಅಂತ ಪೂರ್ತಿ ಒಂದು ನಿಮಿಷ ಯೋಚಿಸಿದ. ಜೂನ್‌ನಲ್ಲಿ ಗಾಳಿ ಹಿಡಿದವರು ಯಾರೂ ಯೋಚಿಸುತ್ತಲೇ ಇರಲಿಲ್ಲ.

ಆಕಾಶ ಇನ್ನೂ ಸರಿಹೋಗಿಲ್ಲ. ಹೊಂಡ ಇಲ್ಲದೆ ಅದು ಏನೂ ಮಾಡಲಾರದು, ಹೊಂಡ ಬೇಕಾದರೆ ಮಣ್ಣಿನವನು ಗೋಡೆ ಎಬ್ಬಿಸಬೇಕು. ಮಣ್ಣಿನವನಿಗೆ ಇದು ಗೊತ್ತಾದರೆ ಅವನು ಮೊದಲ ಐದು ಸರದಿ ಗೋಡೆಯನ್ನೇ ಎಬ್ಬಿಸುವುದಿಲ್ಲ. ಶುರುವಿನಲ್ಲೇ ಎರಡು ಹೊಂಡ ಇಟ್ಟು ನೋಡಿದೆ, ಒಂಟಿ ಆಟದಲ್ಲಿ 11 ಇದ್ದದ್ದು 9 ಆಯಿತು. ಗೀಟಿನ ಮೇಲೆ ಬಂದು ನಿಂತಿದೆ. ಮೂರು ಹೊಂಡ ಇಟ್ಟರೆ 5, ಚೂರಿ ಕೆಂಪು.

ಖರ್ಚು

ನೋಟ್‌ಬುಕ್ 100, ಶೀಟು 45, ಸ್ಕೆಚ್ ಪೆನ್ 60, ಗುಂಡಿ 50, ಲ್ಯಾಮಿನೇಷನ್ ಎರಡು ಸಲ 240, ಝೆರಾಕ್ಸ್ 150. ಒಟ್ಟು 645 ರೂ. ಇದರಲ್ಲಿ 190 ಶುದ್ಧ ದಂಡ. ಶಿರಸಿ ಬಸ್ ಚಾರ್ಜು ಸೇರಿಸಿಲ್ಲ, ಅದು ಹೇಗೂ ಹೋಗಲೇಬೇಕಿತ್ತು.

ಆಗಸ್ಟ್ 1

ಬೆಳಗಿನ ಜಾವ ಮೂರಕ್ಕೇ ದೋಣಿಯವರು ಐಸಿಗೆ ಸಾಲು ನಿಂತಿದ್ದರು. ಎರಡೂ ಕಂಪ್ರೆಸರ್ ಓಡುತ್ತಿವೆ, ಕಂಡೆನ್ಸರ್ ಪಕ್ಕ ನಿಲ್ಲಲು ಆಗದಷ್ಟು ಸೆಕೆ. ಕೂಸು ಫೋನ್ ಮಾಡಿ ಒಂದು ಉಪಾಯ ಹೇಳಿದ್ದಾಳೆ. ಶಂಖದವರು ಪಕ್ಕದ ಮನೆಗೆ ಮಾತ್ರ ಯಾಕೆ ಕೇಳಬೇಕು, ದೋಣಿಯ ಹಾರ್ನ್ ಬಂದರಿನಿಂದ ನಮ್ಮ ಮನೆವರೆಗೂ ಕೇಳುತ್ತದಲ್ಲ ಅಂತ. ಎರಡೇ ಹೊಂಡ, ಆದರೆ ದನಿ ನೇರ ಸಾಲಿನಲ್ಲಿ ಮೂರು ಮನೆ. ಭಾನುವಾರ ಒಂಟಿ ಆಟದಲ್ಲಿ ಹಾಕಿ ನೋಡಬೇಕು. ಅಲ್ಲಿಯವರೆಗೆ ಆಕಾಶದ ಕಾರ್ಡು ಪೆನ್ಸಿಲ್ಲಿನಲ್ಲೇ ಇರಲಿ, ಲ್ಯಾಮಿನೇಷನ್ ಅಂತೂ ಈಗಲೇ ಮಾಡಿಸುವುದಿಲ್ಲ.